ಸ್ವರಪತ್ರಗಳ ಬೀರು

ಈ ಸ್ಮರಣ ಸಂಚಿಕೆಗೆ ನಾವೂ ಒಂದು ಲೇಖನವನ್ನು ಕೊಡಬೇಕೆಂದು ಸಂಪಾದಕ ಮಂಡಲಿಯವರು ಒತ್ತಾಯಪಡಿಸಿರುವರು. ಪರೀಕ್ಷೆಯ ಫಲಿತಾಂಶ, ಹೊಸ ಕಟ್ಟಡ, ಆಟದ ಬಯಲು ಇವುಗಳ ವಿಷಯವು ವಾರ್ಷಿಕ ವರದಿಯಲ್ಲಿ ಬೇಕಾದಷ್ಟು ಬಂದಿದೆ. ವರದಿಯಲ್ಲಿ ಒಂದು ಸಾಲಿನ ಸ್ಥಳವನ್ನೂ ಪಡೆಯದ ವಸ್ತುವೊಂದನ್ನು ಕುರಿತು ಇಲ್ಲಿ ಬರೆಯುತ್ತೇವೆ. ಅದು ಪ್ರಾರ್ಥನಾಮಂದಿರದ ಪಕ್ಕದ ಕೊಠಡಿಯಲ್ಲಿರುವ ಮರದ ಬೀರು ಮತ್ತು ಅದರೊಳಗಿನ ಸಂಗೀತದ ಕಾಗದಗಳು.

ಆ ಕೊಠಡಿಯ ಮಾಳಿಗೆ ಸೋರುತ್ತಿದ್ದುದರಿಂದ ದುರಸ್ತಿ ಅವಶ್ಯವಾಯಿತು. ಆಗ ಹಿತಚಿಂತಕರೊಬ್ಬರು, “ಈ ಹಳೆಯ ಕಾಗದವನ್ನು ರದ್ದಿಯವನಿಗೆ ತೂಕಕ್ಕೆ ಹಾಕಿಬಿಡಿರಿ ಅಮ್ಮನವರೇ. ಈಗ ಬೇಕಾದ ಹಾಡು ಕೈಯಲ್ಲಿರುವ ಫೋನಿನಲ್ಲೇ ಬರುತ್ತದೆ. ಧ್ವನಿವರ್ಧಕ ಹಚ್ಚಿದರೆ ಮಕ್ಕಳು ಕವಾಯತು ಮಾಡುವರು, ಬ್ಯಾಂಡಿನ ತಾಪತ್ರಯವೇಕೆ?” ಎಂದರು. ದುರಸ್ತಿಯ ವೆಚ್ಚದಲ್ಲಿ ಅರ್ಧವನ್ನು ಕೊಟ್ಟ ಮಹನೀಯರು ಅವರೇ. ಅವರ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಅದರಲ್ಲಿ ಹುರುಳೂ ಇಲ್ಲದಿರಲಿಲ್ಲ. ಬೀರುವನ್ನು ಬರಿದುಮಾಡಿ, ಇರುವುದೇನೆಂದು ನೋಡಿದ ಮೇಲೆ ತೀರ್ಮಾನಿಸೋಣವೆಂದು ಹೇಳಿ ಅವರನ್ನು ಕಳುಹಿಸಿಕೊಟ್ಟೆವು.

ಬ್ಯಾಂಡನ್ನು ದೂರದಿಂದ ಕೇಳುವ ತಂದೆತಾಯಿಗಳಲ್ಲಿ ಹಲವರು, ಒಂದು ಹಾಡಿಗೆ ಒಂದು ಕಾಗದವಿದ್ದರೆ ಸಾಕೆಂದು ತಿಳಿದಿರುವರು. ಹಾಗಲ್ಲ. ಒಂದೊಂದು ವಾದ್ಯಕ್ಕೂ ಅದರದೇ ಆದ ಪತ್ರವಿರಬೇಕು. ಕೊಳಲಿನವಳ ಕಾಗದದಲ್ಲಿ ಕೊಳಲಿನ ಪಾಲು ಮಾತ್ರವಿರುವುದು. ಯೂಫೋನಿಯಂ ಊದುವವಳಿಗೆ ಕೆಳಗಿನ ಸ್ವರಗಳ ಪಾಲು. ಡ್ರಮ್ಮಿನವಳಿಗೆ ಬರಿಯ ಲಯ. ಎಲ್ಲರ ಪಾಲನ್ನೂ ಒಂದರ ಕೆಳಗೊಂದು ಬರೆದ ಸಮಗ್ರಪತ್ರವು ಬ್ಯಾಂಡ್ ಮಾಸ್ತರರ ಮುಂದಿರುವುದು. ಅದೂ ಅಲ್ಲದೆ, ಕೆಲವು ವಾದ್ಯಗಳು ಬರೆದ ಸ್ವರವನ್ನೇ ನುಡಿಯುವುದಿಲ್ಲ. ಬಿ-ಫ್ಲಾಟ್ ಕ್ಲಾರಿನೆಟ್ಟಿನವಳು ಕಾಗದದಲ್ಲಿ ಸಿ ಎಂದಿರುವುದನ್ನು ಊದಿದರೆ ಹೊರಡುವ ನಾದ ಬಿ-ಫ್ಲಾಟ್. ಅದೇ ನಾದವನ್ನು ಇ-ಫ್ಲಾಟ್ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಹೊರಡಿಸಬೇಕಾದರೆ ಜಿ ಎಂದು ಬರೆಯಬೇಕು. ಕೊಳಲಿಗಾದರೆ ಬಿ-ಫ್ಲಾಟ್ ಎಂದೇ ಬರೆಯಬೇಕು. ಮೂವರೂ ಒಂದೇ ಕಾಗದವನ್ನು ನೋಡಿ ನುಡಿಸಿದರೆ ಮೂರು ಶ್ರುತಿಗಳು ಎದ್ದು ಕಿವಿ ಮುಚ್ಚಿಕೊಳ್ಳುವಂತಾದೀತು. ಹಾರ್ಮೋನಿಯಮ್ಮಿನ ಬೇರೆ ಬೇರೆ ಮನೆಗಳಲ್ಲಿ ಷಡ್ಜವನ್ನಿಟ್ಟುಕೊಂಡು ಹಾಡುವವರನ್ನು ಬಲ್ಲ ನಮ್ಮ ಜನಕ್ಕೆ ಇದು ತಿಳಿಯಲಾರದ ಸಂಗತಿಯಲ್ಲ.

ಒಂಬತ್ತನೆಯ ತರಗತಿಯಲ್ಲಿ ನೇಕಾರರ ಮನೆಯ ಬಾಲಿಕೆಯೊಬ್ಬಳಿದ್ದಾಳೆ. ಇದನ್ನು ನಾವು ಕಪ್ಪುಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದಾಗ ಅವಳು ಎದ್ದುನಿಂತು, “ಇದು ನಮ್ಮ ಜಕಾರ್ಡಿನ ಕಾರ್ಡಿನ ಹಾಗೆ, ಮೇಡಂ” ಎಂದಳು. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಸದ್ದು ಕೇಳದ ಬೀದಿಗಳು ಕಡಮೆ. ಆದರೂ ಈ ಹೋಲಿಕೆ ನಮಗೆ ಹೊಳೆದಿರಲಿಲ್ಲ. ಫ್ರಾನ್ಸಿನ ಲಿಯಾನ್ ಪಟ್ಟಣದ ಜಕಾರ್ಡ್ ಎಂಬವನು 1804ರ ಸುಮಾರಿನಲ್ಲಿ ಸಿದ್ಧಪಡಿಸಿದ ಆ ಯಂತ್ರದಲ್ಲಿ ಸೀರೆಯ ಚಿತ್ತಾರವನ್ನೆಲ್ಲ ರಟ್ಟಿನ ಮೇಲೆ ರಂಧ್ರಗಳಾಗಿ ಕೊರೆದಿಟ್ಟಿರುವರು. ರಂಧ್ರವಿದ್ದೆಡೆ ಹಾಸಿನ ಎಳೆ ಮೇಲೇಳುವುದು, ಇಲ್ಲದೆಡೆ ಸುಮ್ಮನಿರುವುದು. ಹೊಕ್ಕಿನ ಒಂದೊಂದು ಎಳೆಗೂ ಒಂದೊಂದು ಕಾರ್ಡು. ರಟ್ಟನ್ನು ಎಷ್ಟು ದಿಟ್ಟಿಸಿದರೂ ಅದರಲ್ಲಿ ಹೂವು ಕಾಣದು, ಮಗ್ಗ ಓಡಿದಾಗ ಸೆರಗಿನಲ್ಲಿ ಹೂವು ಅರಳುವುದು. ಈಚೆಗೆ ಕೆಲವರು ರಟ್ಟನ್ನು ಬಿಟ್ಟು ವಿದ್ಯುನ್ಮಾನ ಯಂತ್ರವನ್ನು ಹಾಕಿಸಿರುವರು. ಆ ಬಾಲಿಕೆಯ ತಂದೆ ಇನ್ನೂ ಹಾಕಿಸಿಲ್ಲ. ಸ್ವರಲಿಪಿಯನ್ನು ಅವಳು ಎರಡು ವಾರಗಳಲ್ಲಿ ಕಲಿತಳು. ಟ್ರೈನಿಂಗ್ ಕಾಲೇಜಿನಲ್ಲಿ ನಾವು ಅದಕ್ಕಾಗಿ ಒಂದು ವರುಷವನ್ನು ತೆಗೆದುಕೊಂಡಿದ್ದೆವು.

ನಾದವನ್ನು ಕಾಗದದ ಮೇಲೆ ಇಳಿಸುವ ಈ ಕೆಲಸದಲ್ಲಿ ಉಪಾಧ್ಯಾಯಿನಿಯರ ಪಾಲೂ ಉಂಟು. ಇಂಗ್ಲೆಂಡಿನ ನಾರಿಚ್ ಪಟ್ಟಣದಲ್ಲಿ ಸಾರಾ ಗ್ಲೋವರ್ ಎಂಬ ಮಹಿಳೆಯು ಐದು ಗೆರೆಗಳ ಗೊಡವೆಯಿಲ್ಲದೆ ಅಕ್ಷರಗಳಿಂದಲೇ ಮಕ್ಕಳಿಗೆ ಹಾಡು ಕಲಿಸುವ ಪದ್ಧತಿಯನ್ನು ಕಟ್ಟಿ 1835ರಲ್ಲಿ ಪ್ರಕಟಿಸಿದಳು. ಅದನ್ನು ತಿದ್ದಿ ಹರಡಿದ ಜಾನ್ ಕರ್ವೆನನ ಹೆಸರನ್ನು ಲೋಕವು ಬಲ್ಲುದು. ಆಕೆಯನ್ನು ಬಲ್ಲವರು ಕಡಮೆ. ಟಾನಿಕ್ ಸೋಲ್ಫಾ ಎಂಬ ಆ ಪದ್ಧತಿಯು ಮಿಷನರಿಗಳ ಪೆಟ್ಟಿಗೆಯಲ್ಲಿ ಲೋಕವನ್ನೆಲ್ಲ ಸುತ್ತಿ ನಮ್ಮ ಬೀರುವಿಗೂ ಬಂದಿದೆ. ಸರಿಗಮದಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಅದು ಹೊಸದೆಂದು ತೋರುವುದೇ ಇಲ್ಲ.

ಬ್ಯಾಂಡಿನ ಸಂಗೀತವೆಲ್ಲ ಪರಕೀಯರದು, ನಮಗೆ ಅದೇಕೆ ಎಂದು ಕೆಲವರು ಕೇಳುವುದುಂಟು. ಅವರಿಗೆ ನಾವು ಮುತ್ತುಸ್ವಾಮಿ ದೀಕ್ಷಿತರ ಹೆಸರನ್ನು ಹೇಳುವೆವು. ಮದರಾಸಿನ ಬಳಿಯ ಮಣಲಿಯಲ್ಲಿದ್ದ ಕಾಲದಲ್ಲಿ ಕಂಪೆನಿ ಸರ್ಕಾರದ ಬ್ಯಾಂಡನ್ನು ಕೇಳಿದ ಆ ಮಹಾನುಭಾವರು ಆ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯವನ್ನು ಕೂಡಿಸಿದರು. ನೊಟ್ಟುಸ್ವರಗಳೆಂಬ ಆ ರಚನೆಗಳನ್ನು ಇಂದಿಗೂ ಸಂಗೀತದ ಮಕ್ಕಳು ಹಾಡುವರು. ಆಂಗ್ಲ ರಾಜಗೀತೆಯ ಮಟ್ಟಿನಲ್ಲಿ “ಸಂತತಂ ಪಾಹಿ ಮಾಂ” ಎಂದು ದೇವಿಯನ್ನು ಸ್ತುತಿಸಿದ್ದು ಅಂತಹುದೊಂದು. ಅವರ ತಮ್ಮ ಬಾಲುಸ್ವಾಮಿ ದೀಕ್ಷಿತರು ಅದೇ ಕಾಲದಲ್ಲಿ ಪಿಟೀಲನ್ನು ಕಲಿತರು. ಇಂದು ಪಿಟೀಲಿಲ್ಲದ ಕಚೇರಿಯನ್ನು ಯಾರಾದರೂ ಕಂಡಿರುವರೇ?

ಅತ್ತಲಿಂದ ಇತ್ತ ಬಂದಂತೆ ಇತ್ತಲಿಂದ ಅತ್ತ ಒಯ್ಯುವ ಪ್ರಯತ್ನವೂ ನಡೆಯಿತು. ಮದರಾಸಿನ ಕ್ರೈಸ್ತ ಗೃಹಸ್ಥರಾದ ಎ. ಎಂ. ಚಿನ್ನಸ್ವಾಮಿ ಮುದಲಿಯಾರರು ತ್ಯಾಗರಾಜರೇ ಮೊದಲಾದವರ ಕೃತಿಗಳನ್ನು ಯೂರೋಪಿನ ಐದು ಗೆರೆಗಳ ಲಿಪಿಯಲ್ಲಿ ಬರೆದು 1893ರಲ್ಲಿ ಪ್ರಕಟಿಸಿದರು. ಬಾಯಿಂದ ಬಾಯಿಗೆ ಬಂದುದು ಒಂದು ದಿನ ಬಾರದೆ ಹೋದೀತೆಂಬ ಭಯವು ಅವರನ್ನು ಕಾಡುತ್ತಿತ್ತು. ದೀಕ್ಷಿತ ಮನೆತನದ ಸುಬ್ಬರಾಮ ದೀಕ್ಷಿತರನ್ನು ಒತ್ತಾಯಪಡಿಸಿದವರಲ್ಲಿ ಅವರೂ ಒಬ್ಬರು. ಅದರ ಫಲವಾಗಿ 1904ರಲ್ಲಿ ಎಟ್ಟಯಪುರದಿಂದ ‘ಸಂಗೀತ ಸಂಪ್ರದಾಯ ಪ್ರದರ್ಶಿನೀ’ ಎಂಬ ಮಹಾಗ್ರಂಥವು ಹೊರಬಂದಿತು. ಅದರಲ್ಲಿ ಗಮಕಗಳಿಗೂ ಬೇರೆ ಬೇರೆ ಗುರುತುಗಳುಂಟು. ಗುರುತುಗಳಿದ್ದರೂ ಗಮಕವು ಕಾಗದದಿಂದ ಬಾರದು, ಗುರುವಿನ ಕಂಠದಿಂದಲೇ ಬರಬೇಕೆಂಬುದನ್ನು ನಾವು ಒಪ್ಪುತ್ತೇವೆ. ಅಡಿಗೆಯ ಪುಸ್ತಕದಲ್ಲಿ ಉಪ್ಪಿನ ಅಳತೆ ಇರಬಹುದು, ಕೈಹದವನ್ನು ಅಚ್ಚುಹಾಕಿದವರಿಲ್ಲ.

ಇನ್ನೊಂದು ಸಂಗತಿಯು ನಮ್ಮ ಸೀಮೆಗೆ ಹತ್ತಿರದ್ದು. ಹೊಸಕೋಟೆಯಿಂದ ಚಿಂತಾಮಣಿಯ ಮಾರ್ಗವಾಗಿ ಹೋದರೆ ಮದನಪಲ್ಲಿ ಸಿಕ್ಕುವುದು. 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ಅಲ್ಲಿನ ಥಿಯಾಸಾಫಿಕಲ್ ಕಾಲೇಜಿನಲ್ಲಿ ಕೆಲವು ದಿನಗಳಿದ್ದು ‘ಜನಗಣಮನ’ವನ್ನು ಹಾಡಿದರು. ಪ್ರಾಂಶುಪಾಲರ ಪತ್ನಿ ಮಾರ್ಗರೆಟ್ ಕಸಿನ್ಸ್ ಎಂಬ ಐರಿಷ್ ಮಹಿಳೆಯು ಅದನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದಿಟ್ಟರು. ಅವರು ಡಬ್ಲಿನ್ನಿನಲ್ಲಿ ಸಂಗೀತದ ಪದವಿಯನ್ನು ಪಡೆದವರು. ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಪಾಠಶಾಲೆಗೆ ಮೊದಲ ಮುಖ್ಯಸ್ಥೆಯಾಗಿಯೂ ಇದ್ದರು. ಆ ಗೀತೆಯು 1950ನೆಯ ಇಸವಿ ಜನವರಿ 24ರಂದು ರಾಷ್ಟ್ರಗೀತೆಯಾಯಿತು. ನಮ್ಮ ಮಕ್ಕಳು ಧ್ವಜದ ಮುಂದೆ ನಿಂತು ಊದುವಾಗ, ಒಬ್ಬ ಉಪಾಧ್ಯಾಯಿನಿಯು ನೂರು ವರುಷಗಳಿಗೂ ಹಿಂದೆ ಲೇಖನಿ ಹಿಡಿದು ಕುಳಿತ ಆ ದಿನವನ್ನು ನಾವು ನೆನೆಯುವೆವು.

ಮೈಸೂರಿನ ವಿಷಯವನ್ನು ಬಿಟ್ಟರೆ ಲೇಖನವು ಅಪೂರ್ಣವಾದೀತು. ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಕರ್ಣಾಟಕ ವಿದ್ವಾಂಸರಂತೆಯೇ ಪಾಶ್ಚಾತ್ಯ ವಾದ್ಯಗೋಷ್ಠಿಯೂ ಇತ್ತು. ಜಯಚಾಮರಾಜೇಂದ್ರ ಒಡೆಯರಂತೂ ಸ್ವತಃ ಪಿಯಾನೊ ಬಲ್ಲವರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದವರು. ಕಡುಕಷ್ಟದಲ್ಲಿದ್ದ ರಷ್ಯದ ವಾಗ್ಗೇಯಕಾರ ಮೆಟ್ನರನ ಕೃತಿಗಳನ್ನು ಧ್ವನಿಮುದ್ರಿಸಲು ಅವರು ದ್ರವ್ಯಸಹಾಯ ಮಾಡಿದರು. ಅವನು ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಅವರಿಗೇ ಅರ್ಪಿಸಿರುವನು. 1950ನೆಯ ಇಸವಿ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರೌಸನ ಕಟ್ಟಕಡೆಯ ನಾಲ್ಕು ಗೀತೆಗಳು ಮೊದಲ ಬಾರಿಗೆ ಹಾಡಲ್ಪಟ್ಟುದೂ ಅವರ ನೆರವಿನಿಂದಲೇ. ಆ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತ ದಕ್ಷಿಣ ಕನ್ನಡದ ತರುಣರೊಬ್ಬರು ಅದನ್ನು ಹಲವು ವರುಷಗಳ ಕಾಲ ಪಳಗಿಸಿ, ಅದರಲ್ಲಿ ರಾಗ ನುಡಿಸಿ ಲೋಕವನ್ನೇ ಬೆರಗುಗೊಳಿಸಿದರು. ಅವರೇ 2019ರಲ್ಲಿ ಕಾಲವಾದ ಕದ್ರಿ ಗೋಪಾಲನಾಥರು. ಇಂದಿಗೂ ದಸರೆಯಲ್ಲಿ ಪೊಲೀಸು ಬ್ಯಾಂಡಿನವರು ಅರಮನೆಯ ಮುಂದೆ ಆಂಗ್ಲ ವಾದ್ಯಗಳನ್ನೂ ಕರ್ಣಾಟಕ ಸಂಗೀತವನ್ನೂ ನುಡಿಸುವರು.

ಇನ್ನು ಬೀರುವಿನ ವಿಷಯಕ್ಕೆ ಬರುತ್ತೇವೆ. ಅಚ್ಚಾದ ಕವಾಯತು ಗತ್ತುಗಳು ಬಹಳವಿದ್ದವು. ಗೆದ್ದಲು ಹಿಡಿದವೂ ಇದ್ದವು. ಇವುಗಳನ್ನು ಕಳೆದುಕೊಂಡರೆ ದೊಡ್ಡ ನಷ್ಟವಿಲ್ಲವೆಂದು ನಾವೇ ಹೇಳುತ್ತೇವೆ. ನಮ್ಮ ದೇಶದ ಕಾಯಿದೆಯಂತೆ ಕರ್ತೃವು ತೀರಿಕೊಂಡು ಅರುವತ್ತು ವರುಷಗಳಾದ ಮೇಲೆ ಅವನ ಕೃತಿಯು ಸರ್ವರ ಸ್ವತ್ತಾಗುವುದು. 1932ರಲ್ಲಿ ಗತಿಸಿದ ಅಮೆರಿಕದ ಸೂಸಾನ ಗತ್ತುಗಳೂ ಹಾಗೆ ಸರ್ವರ ಸ್ವತ್ತಾಗಿವೆ. 2006ರಲ್ಲಿ ಅಂತರ್ಜಾಲದಲ್ಲಿ ಆರಂಭವಾದ ಪೆಟ್ರೂಚಿ ಗ್ರಂಥಾಲಯದಿಂದ ಇಂತಹವನ್ನು ಯಾರು ಬೇಕಾದರೂ ಪಡೆಯಬಹುದು. ಆದರೆ ಬೀರುವಿನ ತಳದ ಅರೆಯಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟ ಒಂದು ಕಟ್ಟು ಸಿಕ್ಕಿತು. ನಮ್ಮ ಶಾಲೆಯಲ್ಲಿ ಬಹುಕಾಲ ಸಂಗೀತವನ್ನು ಕಲಿಸಿ ನಿವೃತ್ತರಾಗಿ ಈಗ ಸ್ವರ್ಗಸ್ಥರಾಗಿರುವ ಅಧ್ಯಾಪಿಕೆಯವರ ಕೈಬರಹ ಅದು. ನಾವೂ ಅವರ ಬಳಿ ಕಲಿತವರು. ಕನ್ನಡ ಕೀರ್ತನೆಗಳನ್ನೂ ಎರಡು ನೊಟ್ಟುಸ್ವರಗಳನ್ನೂ ನಮ್ಮ ಪುಟ್ಟ ಬ್ಯಾಂಡಿನಲ್ಲಿದ್ದ ವಾದ್ಯಗಳನ್ನೇ ಎಣಿಸಿ, ಎತ್ತರದ ಸ್ವರ ಏರಲಾರದ ಹುಡುಗಿಗೆ ಸುಲಭದ ಪಾಲನ್ನು ಕೊಟ್ಟು ಅವರು ಹೊಂದಿಸಿದ್ದರು. ಇದು ಯಾವ ಅಂಗಡಿಯಲ್ಲಿಯೂ ಯಾವ ಅಂತರ್ಜಾಲದಲ್ಲಿಯೂ ದೊರೆಯದು. ಒಟ್ಟು 7 ಗೀತೆಗಳು. ಪೂರ್ತಿಯಾಗಿದ್ದವು 4 ಮಾತ್ರ. ಉಳಿದ ಮೂರರಲ್ಲಿ ಒಂದೊಂದು ಪಾಲು ಕಾಣೆ, ಸಮಗ್ರಪತ್ರವೂ ಇಲ್ಲ.

ಹಿತಚಿಂತಕರನ್ನು ಬರಮಾಡಿಕೊಂಡು ಆ ಕಟ್ಟನ್ನು ಅವರ ಮುಂದಿಟ್ಟೆವು. ಅವರು ಹಾಳೆಗಳನ್ನು ತಿರುವಿ, ಒಂದರ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದ ಹುಡುಗಿಯರ ಹೆಸರುಗಳನ್ನು ಓದುತ್ತ ಒಂದು ಹೆಸರಿನ ಬಳಿ ತಡೆದರು. ಅದು ಅವರ ಅಕ್ಕನವರದು. ರದ್ದಿಯ ಮಾತು ಮತ್ತೆ ಬರಲಿಲ್ಲ. ಬೀರುವಿಗೆ ಹೊಸ ಬಣ್ಣದ ಖರ್ಚನ್ನೂ ಅವರೇ ವಹಿಸಿಕೊಂಡರು.

ಕಾಣೆಯಾದ ಪಾಲುಗಳಲ್ಲಿ ಒಂದು ಎರಡನೆಯ ಕ್ಲಾರಿನೆಟ್ಟಿನದು. ಅದನ್ನು ಹೊಸದಾಗಿ ಬರೆಯುವ ಕೆಲಸವನ್ನು ನೇಕಾರರ ಬಾಲಿಕೆ ತಾನೇ ಕೇಳಿ ತೆಗೆದುಕೊಂಡಳು. ಪ್ರತಿ ಶನಿವಾರ ಬಂದು ಕಲಿಸುವ, ಸೇನೆಯ ಬ್ಯಾಂಡಿನಿಂದ ನಿವೃತ್ತರಾದ ಮಾಸ್ತರರು ಪಕ್ಕದಲ್ಲಿದ್ದು ದಾರಿ ತೋರಿದರು. ಮಿಕ್ಕ ಪಾಲುಗಳನ್ನೆಲ್ಲ ಒಂದರ ಕೆಳಗೊಂದು ಬರೆದು, ನಡುವೆ ಯಾವ ಸ್ವರಕ್ಕೆ ತೆರಪಿದೆಯೆಂದು ಹುಡುಕುತ್ತ ಅವಳು ಒಂದು ತಿಂಗಳು ಕುಳಿತಳು. ಆ ನಡುವೆ ಅವಳ ತಂದೆ ಬಂದು, “ಮುಂದಿನ ವರುಷ ಹತ್ತನೆಯ ತರಗತಿ. ಇದರಿಂದ ಓದಿಗೆ ಕುಂದಾಗದೆ ಅಮ್ಮನವರೇ?” ಎಂದು ಕೇಳಿದರು. ಅವರ ಆತಂಕವು ನ್ಯಾಯವಾದುದು. ಮನೆಯಲ್ಲಿ ಒಂದೇ ಮಗ್ಗ, ಆಸೆಯೆಲ್ಲ ಮಗಳ ಓದಿನ ಮೇಲೆ. ನಾವು ಅಂಕಪಟ್ಟಿಯನ್ನು ತೆಗೆದು ತೋರಿಸಿದೆವು. ಲೆಕ್ಕದಲ್ಲಿ ಅವಳ ಅಂಕಗಳು ಏರಿದ್ದವು. ಸಂಗೀತದಿಂದಲೇ ಏರಿದವೆಂದು ನಾವು ಹೇಳಲಿಲ್ಲ. ಅವರು ಮಗಳು ಬರೆದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಚುಕ್ಕೆಗಳು ಸಾಲಾಗಿ ಒಪ್ಪವಾಗಿ ಕೂತಿವೆ ಎಂದು ಹೇಳಿ ಹೊರಟುಹೋದರು.

ಶಾಲಾದಿನದಂದು ಆ ಗೀತೆಯನ್ನು ನುಡಿಸಿದೆವು. ಮುಗಿದ ಮೇಲೆ ಮೊಮ್ಮಗಳೊಡನೆ ಬಂದಿದ್ದ ಪೂರ್ವವಿದ್ಯಾರ್ಥಿನಿಯೊಬ್ಬರು ವೇದಿಕೆಯ ಬಳಿಗೆ ಬಂದು, “ಆ ಪಾಲನ್ನು ನಾನೇ ಊದುತ್ತಿದ್ದೆ; ಕೊನೆಯ ಸಾಲಿನಲ್ಲಿ ಎರಡು ಕಡೆ ಹೀಗಿರಲಿಲ್ಲ” ಎಂದು ಬಾಯಲ್ಲೇ ಹಾಡಿ ತೋರಿಸಿದರು. ಮಾಸ್ತರರು ಅಲ್ಲಿಯೇ ಬರೆದುಕೊಂಡರು. ಬಾಲಿಕೆಯ ಮುಖ ಸಣ್ಣದಾಯಿತು. ಮರುದಿನ ಎರಡನ್ನೂ ನುಡಿಸಿ ನೋಡಿದೆವು. ಮೂಲವು ಸರಳವಾಗಿದೆ; ಬಾಲಿಕೆಯದು ಎರಡು ಮಾತ್ರೆಗಳಷ್ಟು ಕಾಲ ಹೆಚ್ಚು ಇಂಪಾಗಿದೆಯೆಂದು ನಮ್ಮ ಅಭಿಪ್ರಾಯ, ಮಾಸ್ತರರು ಇದನ್ನು ಒಪ್ಪುವುದಿಲ್ಲ. ಎರಡು ಪತ್ರಗಳನ್ನೂ ತಾರೀಖು ಹಾಕಿ ಒಂದೇ ಲಕೋಟೆಯಲ್ಲಿ ಇಟ್ಟಿದ್ದೇವೆ.

ಇನ್ನೂ ಎರಡು ಪಾಲುಗಳು ದೊರೆಯಬೇಕಾಗಿವೆ: ಒಂದು ಕೀರ್ತನೆಯ ಟ್ರಂಪೆಟ್ ಪಾಲು, ಮತ್ತೊಂದರ ಆಲ್ಟೊ ಸ್ಯಾಕ್ಸೊಫೋನ್ ಪಾಲು. ನೀಲಿ ಶಾಯಿಯಲ್ಲಿ ಬರೆದು, ಮೇಲಿನ ಬಲಮೂಲೆಯಲ್ಲಿ ವಾದ್ಯದ ಹೆಸರನ್ನು ಕನ್ನಡದಲ್ಲಿ ಕಾಣಿಸಿದ ಹಾಳೆಗಳು. ಅಭ್ಯಾಸಕ್ಕೆಂದು ಮನೆಗೆ ಒಯ್ದು ಮದುವೆಯಾಗಿ ದೂರ ಹೋದವರ ಟ್ರಂಕುಗಳಲ್ಲಿ ಅವು ಇರಬಹುದೆಂದು ಮಾಸ್ತರರ ಊಹೆ. ದೊರೆತವರು ಯಾವುದೇ ಶಾಲಾದಿನದಲ್ಲಿ ಕಚೇರಿಗೆ ತಂದುಕೊಡಬಹುದು, ಇಲ್ಲವೆ ಅಂಚೆಯಲ್ಲಿ ಕಳುಹಿಸಬಹುದು. ಮೂಲವನ್ನು ಬಿಟ್ಟುಕೊಡಲು ಮನಸ್ಸಿಲ್ಲದವರಿಗೆ ಪ್ರತಿ ಮಾಡಿಸಿಕೊಂಡು ಹಿಂದಿರುಗಿಸುವೆವು. ಕಾಗದ ಕಳೆದಿದ್ದರೂ ತಮ್ಮ ಪಾಲು ನೆನಪಿರುವವರು ಶನಿವಾರ ಬೆಳಿಗ್ಗೆ ಬಂದು ಹಾಡಿದರೆ ಸಾಕು, ಬರೆದುಕೊಳ್ಳುವವಳು ಸಿದ್ಧಳಿರುವಳು. ಇಷ್ಟು ವರುಷ ಇಟ್ಟುಕೊಂಡುದಕ್ಕೆ ದಂಡವನ್ನು ವಸೂಲು ಮಾಡುವುದಿಲ್ಲ.