ರಿಪೋರ್ಟಿನಲ್ಲಿ ಕಾಣದ ನೋವು

ನಾವು ಅಕ್ಕ ತಂಗಿ ಇಬ್ಬರು. ಹಿರಿಯಳನ್ನು ಸೊರಬಕ್ಕೆ ಕೊಟ್ಟರು, ಕಿರಿಯಳನ್ನು ಶಿಕಾರಿಪುರಕ್ಕೆ. ತವರು ಇವೆರಡರ ನಡುವಿನ ಶಿರಾಳಕೊಪ್ಪ. ಯಾವ ಕಡೆಯಿಂದ ಹೊರಟರೂ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಇಷ್ಟು ಹತ್ತಿರವಿರುವ ತವರಿಗೆ ನಾವು ವರ್ಷಕ್ಕೆ ಎರಡು ಸಲ ಹೋದರೆ ಹೆಚ್ಚು. ಅಮ್ಮಿ ಮುನಿಸಿಕೊಳ್ಳುತ್ತಿದ್ದರು. ಗಂಡನ ಮನೆಯವರು ಕಳಿಸುತ್ತಿಲ್ಲವೆಂದು ನೆಂಟರು ಮಾತಾಡಿಕೊಂಡರು. ಪಾಪ, ಆ ಮನೆಯವರ ತಪ್ಪೇನೂ ಇರಲಿಲ್ಲ. ಕಾರಣ ನಮ್ಮ ಹೊಟ್ಟೆ. ಅದನ್ನು ಬಾಯಿಬಿಟ್ಟು ಹೇಳುವುದಾದರೂ ಹೇಗೆ?

ಕಾಯಿಲೆಗಳಲ್ಲೂ ಹೇಳಿಕೊಳ್ಳುವಂಥವು, ಹೇಳಿಕೊಳ್ಳಲಾಗದವು ಎಂದು ಎರಡು ಬಗೆ. ಸಕ್ಕರೆ ಕಾಯಿಲೆ, ಬಿ.ಪಿ. ಎಂದರೆ ಜನ ಕುರ್ಚಿ ಎಳೆದುಕೊಂಡು ಕುಳಿತು ಸಲಹೆ ಕೊಡುತ್ತಾರೆ. ಪಾಯಿಖಾನೆಯ ಮಾತೆತ್ತಿದರೆ ಮುಖ ಆಚೆ ತಿರುಗುತ್ತದೆ. ಹೆಂಗಸರಾದರೆ ಇನ್ನೂ ಕಷ್ಟ. ನಾವು ಒಬ್ಬರಿಗೊಬ್ಬರು ಸಹ ಹೇಳಿಕೊಂಡಿರಲಿಲ್ಲವೆಂದರೆ ಓದುಗರು ನಂಬಬೇಕು.

ಗುಟ್ಟು ರಟ್ಟಾದದ್ದು ತಮ್ಮನ ನಿಕಾಹ್‌ನ ಬೆಳಿಗ್ಗೆ. ತವರಿನಲ್ಲಿ ಇದ್ದದ್ದು ಒಂದೇ ಪಾಯಿಖಾನೆ, ಹಿತ್ತಲಿನಲ್ಲಿ. ಕಿರಿಯಳು ಒಳಗೆ ಹೋಗಿ ಅರ್ಧ ತಾಸಾಗಿತ್ತು. ಹೊರಗೆ ನಿಂತ ಹಿರಿಯಳಿಗೆ ಅರ್ಧ ನಿಮಿಷ ತಡೆಯಲು ಆಗುತ್ತಿರಲಿಲ್ಲ. ಬಾಗಿಲು ಬಡಿದದ್ದಾಯಿತು, ಬೈದದ್ದಾಯಿತು, ಕೊನೆಗೆ ಪಕ್ಕದ ಮನೆಗೆ ಓಡಿದ್ದೂ ಆಯಿತು. ಆ ರಾತ್ರಿ ಮದುವೆ ಮನೆಯ ಗದ್ದಲ ಅಡಗಿದ ಮೇಲೆ ಒಂದೇ ಚಾಪೆಯಲ್ಲಿ ಮಲಗಿ ಮಾತಿಗೆ ಶುರುಮಾಡಿದೆವು.

"ಆಪಾ, ನಿಮಗೆ ಎಷ್ಟು ವರ್ಷದಿಂದ?"

"ಏಳು. ನಿನಗೆ?"

"ಐದಾಯಿತು."

ನಗು ಬಂತು, ಹಿಂದೆಯೇ ಅಳುವೂ ಬಂತು.

ಹಿರಿಯಳದು ಶುರುವಾದದ್ದು ಒಂದು ಮಳೆಗಾಲದ ವಾಂತಿಭೇದಿಯ ನಂತರ. ಮನೆಮಂದಿಗೆಲ್ಲ ಬಂದಿತ್ತು. ಉಳಿದವರದು ನಾಲ್ಕು ದಿನದಲ್ಲಿ ವಾಸಿಯಾಯಿತು, ಇವಳದು ಹಾಗೇ ಉಳಿಯಿತು. ಬೆಳಿಗ್ಗೆ ಎದ್ದು ಮೂರು ನಾಲ್ಕು ಸಲ, ಮನೆಯಿಂದ ಹೊರಡುವಾಗ ಮತ್ತೆರಡು ಸಲ. ಕೆಳಹೊಟ್ಟೆ ಹಿಂಡಿದಂತಾಗುವುದು, ಹೋಗಿ ಬಂದರೆ ತುಸು ಹಗುರ, ಮತ್ತೆ ಹಿಂಡುವುದು. ಬಸ್ ಹತ್ತಬೇಕಾದರೆ ಹಿಂದಿನ ರಾತ್ರಿಯಿಂದಲೇ ಊಟ ಬಿಡುತ್ತಿದ್ದಳು. ಸೊರಬದಿಂದ ಶಿರಾಳಕೊಪ್ಪದವರೆಗಿನ ದಾರಿಯಲ್ಲಿ ಎಲ್ಲೆಲ್ಲಿ ಪೊದೆಗಳಿವೆ, ಎಲ್ಲಿ ಮಸೀದಿ, ಎಲ್ಲಿ ಪರಿಚಯದವರ ಮನೆ ಎಂಬುದೆಲ್ಲ ಅವಳಿಗೆ ಬಾಯಿಪಾಠ. ಕಿರಿಯಳದು ತದ್ವಿರುದ್ಧ. ಮೂರು ದಿನಕ್ಕೊಮ್ಮೆ, ಅದೂ ಆಡಿನ ಹಿಕ್ಕೆಯ ಹಾಗೆ. ಸಂಜೆಯಾಗುತ್ತಿದ್ದಂತೆ ಹೊಟ್ಟೆ ಉಬ್ಬಿ ಐದು ತಿಂಗಳ ಬಸುರಿಯಂತೆ ಕಾಣುತ್ತಿದ್ದಳು. "ವಿಶೇಷವೇನಾದರೂ?" ಎಂದು ಕೇಳಿದ ನೆರೆಯವರಿಗೆ ಉತ್ತರಿಸಲಾರದೆ ಸಂಜೆ ಹೊರಗೆ ಬರುವುದನ್ನೇ ಬಿಟ್ಟಳು.

ಇಬ್ಬರೂ ಮಾಡಿದ ಔಷಧಗಳಿಗೆ ಲೆಕ್ಕವಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಗ್ಯಾಸ್ಟ್ರಿಕ್ ಗುಳಿಗೆ, ಬಟ್ಟಿ ಜಾರಿದೆಯೆಂದು ಹೊಕ್ಕುಳ ಸುತ್ತ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡದ್ದು, ನಜರ್ ತೆಗೆಸಿದ್ದು, ಉಷ್ಣವೆಂದು ಎಳನೀರು, ಶೀತವೆಂದು ಕಷಾಯ. ಸ್ಕ್ಯಾನ್ ಮಾಡಿಸಿದಾಗಲೆಲ್ಲ ಒಂದೇ ಮಾತು: ರಿಪೋರ್ಟ್ ನಾರ್ಮಲ್. "ಏನೂ ಇಲ್ಲಮ್ಮ, ಸುಮ್ಮನೆ ಮನಸ್ಸಿಗೆ ಹಚ್ಚಿಕೊಂಡಿದ್ದೀಯ" ಎಂದು ವೈದ್ಯರೊಬ್ಬರು ಚೀಟಿ ಮಡಚಿದರು. ಆ ಮಾತು ಕೇಳಿದ ಅತ್ತೆಗೆ ಸೊಸೆ ಕೆಲಸಗಳ್ಳಿಯೆಂದು ಖಾತ್ರಿಯಾಯಿತು. ನಮಗಾದರೋ ಒಳಗೊಳಗೆ ಕ್ಯಾನ್ಸರಿನ ಭಯ. ರಿಪೋರ್ಟ್ ಚೆನ್ನಾಗಿ ಬಂದಾಗ ಸಮಾಧಾನದ ಬದಲು ನಿರಾಶೆಯಾಗುತ್ತದೆಂದರೆ, ಅದನ್ನು ಅನುಭವಿಸದವರಿಗೆ ವಿಚಿತ್ರವೆನಿಸಬಹುದು.

ಸೊರಬ ತಾಲೂಕಿನ ಹೆಸರು ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿದೆ. 1957ರಲ್ಲಿ ಇಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ವಿಜ್ಞಾನಿಗಳು ಬಂದರು, ವೈರಸ್ ಹಿಡಿದರು. ಮಂಗನ ಕಾಯಿಲೆಗೆ ಆ ಕಾಡಿನ ಹೆಸರನ್ನೇ ಇಟ್ಟರು. ಅದಕ್ಕೆ ರಕ್ತದಲ್ಲಿ ಸಾಕ್ಷಿ ಸಿಗುತ್ತದೆ. ನಮ್ಮ ಕಾಯಿಲೆಗೆ ರಕ್ತದಲ್ಲಾಗಲಿ ಸ್ಕ್ಯಾನಿನಲ್ಲಾಗಲಿ ಸಾಕ್ಷಿಯಿಲ್ಲ. ಸಾಕ್ಷಿಯಿಲ್ಲದ ಮಾತ್ರಕ್ಕೆ ನೋವು ಸುಳ್ಳಾಗುತ್ತದೆಯೆ?

ಮದುವೆಯಾದ ಮುಂದಿನ ತಿಂಗಳು ಇಬ್ಬರೂ ಸೇರಿ ಶಿವಮೊಗ್ಗದ ಹೊಟ್ಟೆಯ ತಜ್ಞರೊಬ್ಬರಲ್ಲಿಗೆ ಹೋದೆವು. ಅವರು ಮೊದಲು ಮಾಡಿದ್ದು ಪೂರ್ತಿ ಕೇಳಿಸಿಕೊಂಡದ್ದು. ಆಮೇಲೆ ಹೆಸರು ಹೇಳಿದರು: ಇರಿಟೇಬಲ್ ಬವೆಲ್ ಸಿಂಡ್ರೋಮ್, ಚಿಕ್ಕದಾಗಿ ಐಬಿಎಸ್. ಒಬ್ಬಳಿಗೆ ಭೇದಿಯ ಬಗೆ, ಇನ್ನೊಬ್ಬಳಿಗೆ ಮಲಬದ್ಧತೆಯ ಬಗೆ, ಕಾಯಿಲೆ ಒಂದೇ. ಕೆಲವರಿಗೆ ಎರಡೂ ಸರದಿಯಂತೆ ಬರುವುದುಂಟು.

ಅವರು ತಿಳಿಸಿದ್ದನ್ನು ನಮಗೆ ಅರ್ಥವಾದ ಹಾಗೆ ಹೇಳುತ್ತೇವೆ. ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳಿವೆ. ಅವಕ್ಕೂ ಮೆದುಳಿಗೂ ಸದಾ ಮಾತುಕತೆ. ಐಬಿಎಸ್ ಇದ್ದವರಲ್ಲಿ ಈ ಮಾತುಕತೆ ಕೆಡುತ್ತದೆ. ಬೇರೆಯವರಿಗೆ ಗೊತ್ತೇ ಆಗದಷ್ಟು ಗಾಳಿ ತುಂಬಿದರೂ ನಮಗೆ ನೋವಾಗುತ್ತದೆ. ಕರುಳು ಒಮ್ಮೆ ಓಡುತ್ತದೆ, ಒಮ್ಮೆ ಹಟ ಹಿಡಿದು ಕೂರುತ್ತದೆ. ಹುಣ್ಣಿಲ್ಲ, ಗಡ್ಡೆಯಿಲ್ಲ, ಆದ್ದರಿಂದಲೇ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಹೊಟ್ಟೆಯ ಸೋಂಕು ಬಂದು ಹೋದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇದು ಅಂಟಿಕೊಳ್ಳುತ್ತದಂತೆ; ಹಿರಿಯಳ ಮಳೆಗಾಲದ ಕಥೆಗೆ ಆಗ ಅರ್ಥ ಬಂತು. ಗುರುತಿಸಲು 2016ರಲ್ಲಿ ಪರಿಷ್ಕರಿಸಿದ ಒಂದು ಅಳತೆಯಿದೆ, ರೋಮ್ ಮಾನದಂಡವೆನ್ನುತ್ತಾರೆ. ಆರು ತಿಂಗಳ ಹಿಂದೆಯೇ ಶುರುವಾಗಿ, ಕಳೆದ ಮೂರು ತಿಂಗಳಲ್ಲಿ ವಾರಕ್ಕೊಂದು ದಿನವಾದರೂ ಹೊಟ್ಟೆನೋವು ಬಂದಿರಬೇಕು. ಆ ನೋವಿಗೂ ಮಲವಿಸರ್ಜನೆಗೂ, ಎಷ್ಟು ಸಲ ಹೋಗುತ್ತೇವೆ, ಮಲ ಹೇಗಿರುತ್ತದೆ ಎಂಬುದರಲ್ಲಾಗುವ ಬದಲಾವಣೆಗೂ ನಂಟಿರಬೇಕು. ಇದು ಕ್ಯಾನ್ಸರಿಗೆ ತಿರುಗುವುದಿಲ್ಲ ಎಂದು ಅವರು ಎರಡು ಸಲ ಹೇಳಿದರು. ನಮಗೆ ಬೇಕಿದ್ದ ಔಷಧದಲ್ಲಿ ಅರ್ಧ ಆ ಮಾತಿನಲ್ಲೇ ಇತ್ತು.

ಆದರೆ ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ರಕ್ತಹೀನತೆ, ರಾತ್ರಿ ನಿದ್ದೆಯಿಂದ ಎಬ್ಬಿಸುವ ಭೇದಿ, ವಯಸ್ಸು ಐವತ್ತರ ಹತ್ತಿರ ಬಂದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದದ್ದು, ಇವುಗಳಲ್ಲಿ ಒಂದಿದ್ದರೂ ಐಬಿಎಸ್ ಎಂದುಕೊಂಡು ಸುಮ್ಮನೆ ಕೂರಬಾರದೆಂದು ಬೆರಳೆತ್ತಿ ಎಚ್ಚರಿಸಿದರು. ನಮ್ಮಿಬ್ಬರ ರಕ್ತ, ಥೈರಾಯ್ಡ್, ಮಲಪರೀಕ್ಷೆಗಳನ್ನು ಮಾಡಿಸಿದ ಮೇಲೆಯೇ ಅವರು ಚಿಕಿತ್ಸೆ ಶುರುಮಾಡಿದ್ದು.

ಕಿರಿಯಳಿಗೆ ಇಸಬಗೋಲು ಬರೆದುಕೊಟ್ಟರು. ಅಷ್ಟೇನಾ ಎಂದು ಅವಳಿಗೆ ಬೇಸರ. ನಾರು ಒಳ್ಳೆಯದೆಂದು ಯಾರೋ ಹೇಳಿದ್ದಕ್ಕೆ ಗೋಧಿ ತೌಡು ತಿಂದು ಹೊಟ್ಟೆ ಇನ್ನಷ್ಟು ಉಬ್ಬಿಸಿಕೊಂಡವಳು ಅವಳು. ನಾರುಗಳಲ್ಲೂ ವ್ಯತ್ಯಾಸವಿದೆ; ನೀರಿನಲ್ಲಿ ಲೋಳೆಯಾಗುವ ಇಸಬಗೋಲು ಐಬಿಎಸ್‌ಗೆ ಹಿತ, ಒರಟು ತೌಡು ಕೆರಳಿಸುತ್ತದೆ. ಅರ್ಧ ಚಮಚದಿಂದ ಶುರುಮಾಡಿ, ಮೇಲೆ ಸಾಕಷ್ಟು ನೀರು ಕುಡಿದು, ಎರಡು ವಾರಕ್ಕೆ ದಾರಿಗೆ ಬಂತು.

ಹಿರಿಯಳದು ಬೇರೆಯೇ ಕಥೆ. ಅವಳಿಗೆ ರಾತ್ರಿ ಒಂದು ಚಿಕ್ಕ ಗುಳಿಗೆ, ಅಮಿಟ್ರಿಪ್ಟಿಲಿನ್, ಹತ್ತು ಮಿಲಿಗ್ರಾಂ. ಎರಡನೆಯ ತಿಂಗಳು ತರಲು ಹೋದಾಗ ಅಂಗಡಿಯವ ನಾಲ್ಕು ಜನರ ಮುಂದೆ, "ಇದು ಮನೋರೋಗದ ಗುಳಿಗೆಯಲ್ಲವಾ, ಯಾರಿಗೆ?" ಎಂದುಬಿಟ್ಟ. ಅಂದೇ ನಿಲ್ಲಿಸಿದಳು. ಒಂದು ವಾರದಲ್ಲಿ ಮತ್ತೆ ಹಳೆಯ ಬೆಳಗುಗಳು. ಭಾವ ಶಿವಮೊಗ್ಗಕ್ಕೆ ಫೋನ್ ಮಾಡಿ ಕೇಳಿದರು. ದೊಡ್ಡ ಪ್ರಮಾಣದಲ್ಲಿ ಅದು ಖಿನ್ನತೆಗೆ ಕೊಡುವ ಔಷಧವೇ ಹೌದು, ಇಷ್ಟು ಸಣ್ಣ ಪ್ರಮಾಣದಲ್ಲಿ ಕರುಳಿನ ನರಗಳನ್ನು ಶಾಂತಗೊಳಿಸಲು ಕೊಡುತ್ತಾರೆಂದು ವೈದ್ಯರು ವಿವರಿಸಿದರು. ಇಂಗ್ಲೆಂಡಿನಲ್ಲಿ 463 ರೋಗಿಗಳ ಮೇಲೆ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದರಿಂದ ಗುಣ ಕಂಡಿದೆ. ಅಲ್ಲ, ಮನಸ್ಸಿನ ಔಷಧವೇ ಆಗಿದ್ದರೂ ಅದರಲ್ಲಿ ನಾಚಿಕೆ ಏನಿತ್ತು? ಈ ಪ್ರಶ್ನೆ ನಮಗೆ ಹೊಳೆದದ್ದು ತಡವಾಗಿ. ಈಗ ಗುಳಿಗೆಯನ್ನು ಅವಳೇ ತರುತ್ತಾಳೆ, ಅದೇ ಅಂಗಡಿಯಿಂದ.

ಊಟದ ವಿಷಯಕ್ಕೆ ಬಂದರೆ ನಮ್ಮ ಮನೆಗಳಲ್ಲಿ ಕುರುಕ್ಷೇತ್ರವೇ ನಡೆಯಿತು. ಈರುಳ್ಳಿ ಬೆಳ್ಳುಳ್ಳಿಯಿಲ್ಲದ ಸಾಲನ್ ಇದೆಯೇ? ಆದರೆ ಕರುಳನ್ನು ಕೆರಳಿಸುವುದರಲ್ಲಿ ಅವೆರಡೇ ಮುಂದು. ಅವುಗಳಲ್ಲಿನ ಒಂದು ಬಗೆಯ ಸಕ್ಕರೆ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಸೂಕ್ಷ್ಮಜೀವಿಗಳ ಬಾಯಿಗೆ ಬಿದ್ದು ಗಾಳಿಯಾಗುತ್ತದೆ. ಗೋಧಿ, ಕಾಳುಗಳು, ಕೆಲವರಿಗೆ ಹಾಲು, ಇವೂ ಅದೇ ದಾರಿ ಹಿಡಿಯುತ್ತವೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು ರೂಪಿಸಿದ ಫಾಡ್‌ಮ್ಯಾಪ್ ಪಥ್ಯವೆಂಬುದು ಇದರ ಮೇಲೆಯೇ ನಿಂತಿದೆ. ನಾಲ್ಕಾರು ವಾರ ಇವನ್ನು ಬಿಟ್ಟು, ಮತ್ತೆ ಒಂದೊಂದಾಗಿ ತಿಂದು ನೋಡಿ, ಯಾವುದು ಆಗುವುದಿಲ್ಲವೋ ಅದನ್ನಷ್ಟೇ ದೂರವಿಡಬೇಕು. ಜೀವನವಿಡೀ ಎಲ್ಲವನ್ನೂ ಬಿಡುವುದಲ್ಲ. ಅಕ್ಕಿ ಇಬ್ಬರಿಗೂ ಒಗ್ಗಿತು. ಅಕ್ಕಿಯ ನಾಡಿನಲ್ಲಿ ಹುಟ್ಟಿದ್ದು ನಮ್ಮ ಪುಣ್ಯ. ಕಿರಿಯಳು ಕಲಿತ ಒಂದು ಉಪಾಯ ಬಹಳ ಕೆಲಸಕ್ಕೆ ಬಂತು: ಬೆಳ್ಳುಳ್ಳಿಯ ಆ ಸಕ್ಕರೆ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಯಲ್ಲಿ ಬೆಳ್ಳುಳ್ಳಿ ಬಾಡಿಸಿ, ಎಸಳುಗಳನ್ನು ತೆಗೆದುಹಾಕಿ, ಆ ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟರೆ ಘಮ ಉಳಿಯುತ್ತದೆ. ಅತ್ತೆಗೆ ವ್ಯತ್ಯಾಸವೇ ತಿಳಿಯಲಿಲ್ಲ. ಹಿರಿಯಳಿಗೆ ಹಲಸಿನ ಹಣ್ಣು ಈಗಲೂ ಆಗುವುದಿಲ್ಲ. ಮಂಡಕ್ಕಿ ತಿನ್ನುತ್ತಾಳೆ, ಮಿರ್ಚಿಯನ್ನು ನೋಡುತ್ತಾ ಕೂರುತ್ತಾಳೆ.

ಹೇಳಲು ಹೆಚ್ಚು ಸಂಕೋಚವಾಗುವ ಮಾತು ನಮಾಝಿನದು. ಹೊಟ್ಟೆಯಲ್ಲಿ ಗುಡುಗುಡು ಎಂದಾಗಲೆಲ್ಲ ವುಝೂ ಹೋಯಿತೇನೋ ಎಂಬ ಅನುಮಾನ. ಕಿರಿಯಳು ಒಂದು ಇಶಾ ನಮಾಝಿಗೆ ನಾಲ್ಕು ಸಲ ವುಝೂ ಮಾಡಿದ್ದುಂಟು. ಬರಬರುತ್ತಾ ನಮಾಝಿಗೆ ನಿಲ್ಲುವುದೇ ಭಯವಾಗಿ, ಆ ಭಯಕ್ಕೆ ಹೊಟ್ಟೆ ಇನ್ನಷ್ಟು ಗುಡುಗುತ್ತಿತ್ತು. ಶಬ್ದ ಕೇಳುವ ಇಲ್ಲವೇ ವಾಸನೆ ತಿಳಿಯುವ ತನಕ, ಬರಿಯ ಸಂಶಯಕ್ಕೆ ನಮಾಝ್ ಬಿಡಬೇಕಿಲ್ಲವೆಂಬ ಪ್ರವಾದಿ(ಸ)ರ ಮಾತನ್ನು ತಿಳಿದವರೊಬ್ಬರು ನೆನಪಿಸಿದರು. ನಾವು ಅದನ್ನು ಚಿಕ್ಕಂದಿನಲ್ಲಿ ಮದ್ರಸದಲ್ಲೇ ಓದಿದ್ದೆವು, ನಮಗೇ ಅನ್ವಯಿಸುತ್ತದೆಂದು ತಿಳಿದಿರಲಿಲ್ಲ. ರಮಝಾನಿನಲ್ಲಿ ಹಗಲು ಹೊಟ್ಟೆಗೆ ವಿಶ್ರಾಂತಿ, ತೊಂದರೆಯೆಲ್ಲ ಇಫ್ತಾರಿನ ನಂತರ. ಖರ್ಜೂರ ಒಂದಕ್ಕೆ ನಿಲ್ಲಿಸಿ, ಕರಿದದ್ದು ಬಿಟ್ಟು, ಊಟವನ್ನು ಎರಡು ಪಾಲು ಮಾಡಿಕೊಂಡ ಮೇಲೆ ಹಗುರವಾಯಿತು. ತೀರಾ ಆಗದ ದಿನ ಉಪವಾಸ ಬಿಟ್ಟು ಆಮೇಲೆ ತೀರಿಸುತ್ತೇವೆ. ರೋಗಿಗೆ ಆ ರಿಯಾಯಿತಿ ಇದೆ.

ಪೂರ್ತಿ ವಾಸಿಯಾಗಿದೆಯೆಂದು ಹೇಳಲಾರೆವು. ನಿದ್ದೆ ಕೆಟ್ಟರೆ, ಮನೆಯಲ್ಲಿ ಜಗಳವಾದರೆ, ಮಕ್ಕಳ ಪರೀಕ್ಷೆ ಬಂದರೆ ಮರುಕಳಿಸುತ್ತದೆ. ಆದರೆ ಈಗ ತಿಂಗಳಿಗೊಮ್ಮೆ ಶಿರಾಳಕೊಪ್ಪದಲ್ಲಿ ಸೇರುತ್ತೇವೆ. ತಮ್ಮ ಎರಡನೆಯ ಪಾಯಿಖಾನೆ ಕಟ್ಟಿಸಿದ್ದಾನೆ. ಯಾಕೆಂದು ಅವನು ಕೇಳಲಿಲ್ಲ, ನಾವೇ ಹೇಳಿದೆವು.

ಕಳೆದ ತಿಂಗಳು ಅಲ್ಲೇ ಒಂದು ಮದುವೆಯಲ್ಲಿ ನಾವು ಸಾಲನ್ ಬೇಡವೆಂದದ್ದನ್ನು ನೋಡಿ, ಪಕ್ಕದಲ್ಲಿ ಕುಳಿತಿದ್ದ ದೂರದ ಖಾಲಾ ಒಬ್ಬರು ಕಾರಣ ಕೇಳಿದರು. ಹೇಳಿದೆವು. ಅವರು ಹತ್ತಿರ ಸರಿದು, "ನನಗೂ ಹಾಗೇ ಮಗಳೇ, ಆರು ತಿಂಗಳಾಯಿತು. ನಿಮ್ಮದೇ ಕಾಯಿಲೆ ಇರಬೇಕು. ನನಗೆ ಸ್ವಲ್ಪ ರಕ್ತವೂ ಬೀಳುತ್ತದೆ, ಮೂಲವ್ಯಾಧಿ ಅಂದುಕೊಂಡಿದ್ದೆ" ಎಂದರು. ವಯಸ್ಸು ಐವತ್ತೆಂಟು. ನಮ್ಮದಲ್ಲ ಖಾಲಾ, ಇದನ್ನು ಬೇಗ ತೋರಿಸಬೇಕು ಎಂದೆವು. ಬೇಡವೆಂದು ಬಹಳ ಹೇಳಿದರು, ಮಗನಿಗೆ ತಿಳಿಸಬೇಡಿರೆಂದರು. ತಿಳಿಸಿದೆವು. ಸೋಮವಾರ ಬೆಳಗಿನ ಶಿವಮೊಗ್ಗ ಬಸ್ಸಿಗೆ ಅವರ ಜೊತೆ ನಾವಿಬ್ಬರೂ ಹತ್ತಿದೆವು. ಕಿಟಕಿಯ ಪಕ್ಕದ ಸೀಟನ್ನು ಹಿರಿಯಳು ಅವರಿಗೆ ಬಿಟ್ಟುಕೊಟ್ಟು ತಾನು ಬಾಗಿಲ ಹತ್ತಿರ ಕುಳಿತಳು. ಕೊಲೊನೋಸ್ಕೋಪಿ ಮುಗಿದಿದೆ, ತೆಗೆದ ತುಣುಕಿನ ಪರೀಕ್ಷೆಯ ವರದಿ ಇನ್ನೂ ಬರಬೇಕಿದೆ.