ಇಳಿದದ್ದರ ಪ್ರಸಾದ

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರೆಲ್ಲ ಹತ್ತಿದ್ದನ್ನೇ ಊರ ತುಂಬ ಹೇಳಿಕೊಂಡು ತಿರುಗುತ್ತಾರೆಯೇ ಹೊರತು ಇಳಿದ ಕಥೆಯನ್ನು ಯಾರೂ ಎತ್ತುವುದಿಲ್ಲ. ಆದರೆ ಮಾರನೆಯ ದಿನ ಶುರುವಾಗಿ, ಅದರ ಮಾರನೆಯ ದಿನ ಗೋಡೆ ಹಿಡಿದೇ ಬಚ್ಚಲಿಗೆ ಹೋಗುವಂತೆ ಮಾಡುವ ಆ ತೊಡೆನೋವು ಇದೆಯಲ್ಲ, ಅದು ಬಹುಪಾಲು ಇಳಿದದ್ದರ ಪ್ರಸಾದ. ಲ್ಯಾಕ್ಟಿಕ್ ಆಮ್ಲವೇ ಕಾರಣವೆಂದು ಪಾರ್ಕಿನ ಬೆಂಚಿನ ಪಂಡಿತರು ಅಪ್ಪಣೆ ಕೊಡಿಸುತ್ತಾರೆ. ಪಾಪ, ಆ ಆಮ್ಲ ಅಷ್ಟು ಹೊತ್ತಿಗೆ ಜಾಗ ಖಾಲಿ ಮಾಡಿ ಎಷ್ಟೋ ಕಾಲವಾಗಿರುತ್ತದೆ.

ನಿಜವಾದ ಕಾರಣ ಬೇಕಿದ್ದರೆ ಸ್ನಾಯುವಿನೊಳಕ್ಕೇ ಇಳಿಯಬೇಕು. ಅದರ ನಾರಿನೊಳಗೆ ಸಾರ್ಕೊಮಿಯರ್ ಎಂಬ ಪುಟ್ಟ ಅಂಕಣಗಳು ಸಾಲಾಗಿವೆ, ಒಂದು ಮಿಲಿಮೀಟರಿಗೆ ಸುಮಾರು 400. ಅಂಕಣದ ನಡುವೆ ಮಯೋಸಿನ್ನಿನ ದಪ್ಪ ಎಳೆ, ಎರಡೂ ಗೋಡೆಗಳಿಂದ ಚಾಚಿದ ಆಕ್ಟಿನ್ನಿನ ತೆಳು ಎಳೆ. ಈ ಎಳೆಗಳು ಕುಗ್ಗುವುದಿಲ್ಲ, ಒಂದರ ಪಕ್ಕ ಒಂದು ಜಾರುತ್ತವೆ ಎಂದು 1954ರಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಜೋಡಿಗಳು ಸಾರಿದವು: ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗೆರ್ಕೆ ಒಂದು, ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಇನ್ನೊಂದು. ಹಕ್ಸ್‌ಲಿಗಳಿಬ್ಬರೂ ನೆಂಟರಲ್ಲ; ನಮ್ಮಲ್ಲಾಗಿದ್ದರೆ ಗೋತ್ರ ವಿಚಾರಿಸದೆ ಬಿಡುತ್ತಿರಲಿಲ್ಲ.

ಜಾರುವುದೆಂದರೆ ಅಜ್ಜಿಯ ಮನೆಯ ಬಾವಿಯಿಂದ ನೀರು ಸೇದಿದ ಹಾಗೆ. ಆ ರಾಟೆಯ ಕಿರುಗುಟ್ಟುವಿಕೆಯೇ ಬೀದಿಗೆಲ್ಲ ಸುಪ್ರಭಾತ. ಬೀದಿಗೊಂದೇ ಪಾತಾಳಗರಡಿ, ಅದೂ ಬೇಕಾದಾಗಲೆಲ್ಲ ಇನ್ನೊಬ್ಬರ ಮನೆಯಲ್ಲಿ, ತರಲು ಹೋದ ಹುಡುಗನಿಗೆ ಅಲ್ಲೊಂದು ಕೋಡುಬಳೆ ಖಾತ್ರಿಯಾದ್ದರಿಂದ ಕೊಡ ಮುಳುಗಿದ ವಾರ್ತೆ ನನಗೆಂದೂ ಶೋಕಕಾರಕವಾಗಿರಲಿಲ್ಲ. ಇರಲಿ, ಹಗ್ಗಕ್ಕೆ ಬರೋಣ. ಮಯೋಸಿನ್ನಿನ ನೂರಾರು ತಲೆಗಳು ಆಕ್ಟಿನ್ನನ್ನು ಹಿಡಿದು, ಜಗ್ಗಿ, ಬಿಟ್ಟು, ಮುಂದಕ್ಕೆ ಹಿಡಿಯುತ್ತವೆ. ಬಿಡಬೇಕಾದರೂ ಜೀವಕೋಶದ ಇಂಧನವಾದ ಎಟಿಪಿ ಬೇಕು. ಅದು ತೀರಿದರೆ ಹಿಡಿದದ್ದು ಹಿಡಿದಂತೆಯೇ, ಹೆಣ ಸೆಟೆದುಕೊಳ್ಳುವುದು ಅದಕ್ಕೇ. ಮೆಟ್ಟಿಲು ಇಳಿಯುವುದೋ, ತುಂಬಿದ ಕೊಡವನ್ನು ಮೆಲ್ಲಗೆ ಮತ್ತೆ ಬಾವಿಗೆ ಬಿಡುವ ಕೆಲಸ: ಜಗ್ಗುತ್ತಲೇ ಹಗ್ಗ ಸಡಿಲಿಸಬೇಕು. ಅಂಗೈ ಉರಿಯದೆ ಇದ್ದೀತೆ? ಕೆಲವು ಅಂಕಣಗಳು ಅತಿಯಾಗಿ ಹಿಗ್ಗಿ, ಗೋಡೆಗಳು ಸೊಟ್ಟಗಾಗುತ್ತವೆ.

ಜಗ್ಗುವವರಿಗೇ ಹೆಸರೆಲ್ಲ, ನನಗೆ ಮಾತ್ರ ಜಗ್ಗದೆ ಹಿಡಿದುಕೊಂಡಿರುವವರ ಮೇಲೆ ಸ್ವಜಾತಿ ಪ್ರೇಮ. ಆಲ್ಫಾ ಆಕ್ಟಿನಿನ್ ಎಂಬ ಪ್ರೋಟೀನು ತೆಳು ಎಳೆಗಳನ್ನು ಗೋಡೆಗೆ ಬಿಗಿಯುತ್ತದೆ. ಡೆಸ್ಮಿನ್ ಅಕ್ಕಪಕ್ಕದ ಗೋಡೆಗಳನ್ನು ಜೋಡಿಸುತ್ತದೆ. ಡಿಸ್ಟ್ರೋಫಿನ್ ಒಳಗಿನ ಹಂದರವನ್ನು ಜೀವಕೋಶದ ಪೊರೆಗೆ ಕಟ್ಟುತ್ತದೆ. ಡುಶೇನ್ ಎಂಬ ಸ್ನಾಯುಕ್ಷಯ ಕಾಯಿಲೆಯ ಮಕ್ಕಳಲ್ಲಿ ಇದೊಂದು ಇಲ್ಲವಾಗಿ, ಬರಿಯ ನಡಿಗೆಗೂ ಪೊರೆ ಹರಿಯುತ್ತದೆ. ಇನ್ನು ಟೈಟಿನ್, 34,000ಕ್ಕೂ ಹೆಚ್ಚು ಅಮೈನೊ ಆಮ್ಲಗಳ ಮಹಾಕಾಯ: ಗೋಡೆಯಿಂದ ಅಂಕಣದ ನಡುಮಧ್ಯದವರೆಗೆ ಚಾಚಿಕೊಂಡು, ಹಿಗ್ಗಿದ್ದನ್ನು ಎಟಿಪಿಯ ಹಂಗಿಲ್ಲದೆ ಸ್ಥಿತಿಸ್ಥಾಪಕ ಶಕ್ತಿಯಿಂದಲೇ ಸ್ವಸ್ಥಾನಕ್ಕೆ ಎಳೆಯುತ್ತದೆ.

ಇದನ್ನೆಲ್ಲ ಆರಾಮಕುರ್ಚಿಯಿಂದ ಮನೆಯವಳಿಗೆ ಸವಿಸ್ತಾರವಾಗಿ ನಿವೇದಿಸಿ, ಕಾಫಿ ಇಲ್ಲಿಗೇ ಬರಲಿ ಎಂದೆ. “ಅಷ್ಟು ಜನ ಒಳಗೆ ದುಡಿಯೋರು ಇದ್ದಾರಲ್ಲ ರೀ, ಅವರಲ್ಲೇ ಒಬ್ಬರನ್ನ ಕಳಿಸಿ” ಎಂದಳು.