ಗೆರೆಯ ಹಂಬಲ

ಸೊರಬದ ಸೀಮೆಯ ಹಳ್ಳಿಯೊಂದರಿಂದ ಶಿಕಾರಿಪುರದ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದ ತರುಣನೊಬ್ಬನಿಗೆ, ತಾನು ಚಿತ್ರಕಥೆಗಾರನಾಗಬೇಕೆಂಬ ಹಂಬಲವು ಹುಟ್ಟಿತು. ಅದೂ ಎಂತಹ ಚಿತ್ರಕಥೆ! ಜಪಾನೀಯರು ‘ಮಾಂಗಾ’ ಎಂದು ಕರೆಯುವ, ಬಲದಿಂದ ಎಡಕ್ಕೆ ಓದಬೇಕಾದ, ಬಹುಮಟ್ಟಿಗೆ ಕಪ್ಪುಬಿಳುಪಿನದು. ಬಸ್ಸು ಶಿರಾಳಕೊಪ್ಪವನ್ನು ಮುಟ್ಟುವುದರೊಳಗಾಗಿ ಅವನ ನೋಟುಬುಕ್ಕಿನ ಅಂಚುಗಳೆಲ್ಲ ಅಗಲಗಣ್ಣಿನ ಮುಖಗಳಿಂದ ತುಂಬಿಹೋಗುತ್ತಿದ್ದವು.

ತಂದೆಗೆ ಇದು ಹಿಡಿಸಲಿಲ್ಲ. ಎರಡೆಕರೆ ಗದ್ದೆಯ ಮನೆಯಿಂದ ಮೊದಲನೆಯವನಾಗಿ ಕಾಲೇಜಿನ ಮೆಟ್ಟಿಲನ್ನೇರಿದ ಮಗನು ಗೊಂಬೆ ಬರೆದು ಹೊಟ್ಟೆ ಹೊರೆಯುವೆನೆಂದರೆ ಯಾವ ತಂದೆಯ ಎದೆಯು ನಡುಗದು? ಮಗನು ತೆಜುಕಾ ಒಸಾಮುವಿನ ನಿದರ್ಶನವನ್ನು ಮುಂದಿಟ್ಟನು. 1928ರಲ್ಲಿ ಹುಟ್ಟಿದ ಆ ಮಹಾಶಯನು ವೈದ್ಯಪದವಿಯನ್ನು ಪಡೆದೂ ವೈದ್ಯವೃತ್ತಿಯನ್ನು ಹಿಡಿಯದೆ ಚಿತ್ರಕಥೆಗೇ ಬಾಳನ್ನು ಮುಡಿಪಾಗಿಟ್ಟನು. 1972ರಿಂದ 1983ರವರೆಗೆ ಬುದ್ಧದೇವನ ಚರಿತ್ರೆಯನ್ನೇ ಚಿತ್ರಗಳಲ್ಲಿ ಹೇಳಿದನು. ತಂದೆಯು ಎಲ್ಲವನ್ನೂ ಕೇಳಿ, “ಅಂತೂ ಅವನು ಓದು ಮುಗಿಸಿದನಲ್ಲವೆ?” ಎಂದನು. ಮಗನಲ್ಲಿ ಉತ್ತರವಿರಲಿಲ್ಲ.

ಭೂಮಿ ಹುಣ್ಣಿಮೆಯು ಸಮೀಪಿಸಿತು. ಬಸುರಿಯಾದ ಭೂಮಿತಾಯಿಗೆ ಬಯಕೆಯ ಊಟವನ್ನು ಒಯ್ಯುವ ‘ಭೂಮಣ್ಣಿ ಬುಟ್ಟಿ’ಗೆ ಚಿತ್ತಾರ ಬರೆಯುವುದು ಆ ಸೀಮೆಯ ದೀವರ ಹೆಂಗಸರ ಕೆಲಸ. ಅಜ್ಜಿಯು ಬುಟ್ಟಿಗೆ ಕೆಮ್ಮಣ್ಣನ್ನು ಬಳಿದು, ಪುಂಡಿನಾರಿನ ಕುಂಚವನ್ನು ಅರೆದ ಅಕ್ಕಿಯ ಬಿಳುಪಿನಲ್ಲಿ ಅದ್ದಿ, ಗೆರೆಯ ಮೇಲೆ ಗೆರೆಯನ್ನು ಎಳೆಯುತ್ತ ಕುಳಿತಿದ್ದಳು. ಮೊದಲು ಗುರುತು ಹಾಕಿಕೊಳ್ಳುವುದಿಲ್ಲ, ಬರೆದುದನ್ನು ಅಳಿಸುವುದಿಲ್ಲ. ಒಂದು ಕಣ್ಣನ್ನು ಹತ್ತು ಸಲ ಅಳಿಸಿ ಬರೆಯುತ್ತಿದ್ದ ಮೊಮ್ಮಗನು ಬೆರಗಾಗಿ ನೋಡಿದನು.

ಅಜ್ಜಿಯ ದೃಷ್ಟಿಯು ಮಂದವಾಗುತ್ತಿದ್ದಿತು. ಮನೆಗೆ ಸಿಮೆಂಟಿನ ಗೋಡೆ ಬಂದಿದ್ದಿತು. ಮೊಮ್ಮಗಳ ಮದುವೆಗೆ ಹಸೆಗೋಡೆಯ ಚಿತ್ತಾರವನ್ನು ಬರೆಯುವವರಾರೆಂಬುದು ಯಾರಿಗೂ ತಿಳಿಯದು. ಅವಳು ಕುಂಚವನ್ನು ಅವನ ಕೈಗಿತ್ತು, “ಅಂಚಿನ ಸಾಲು ನೀನು ಬರೆ, ತಮ್ಮಾ” ಎಂದಳು. ಗೆರೆಯು ನಡುಗಿತು. “ನಿನ್ನ ಕೈಗೆ ಹೆದರಿಕೆ. ಉಸಿರು ಹಿಡಿದು ಎಳೆ” ಎಂದಳು.

ತಾನು ಇಷ್ಟು ದಿನ ಕಲಿತುದು ಪರರ ಕಣ್ಣುಗಳನ್ನು ನಕಲು ಮಾಡುವುದನ್ನೇ ಹೊರತು ಗೆರೆಯನ್ನಲ್ಲವೆಂಬುದು ಅವನಿಗೆ ಆಗ ಹೊಳೆಯಿತು. ಹೊಕುಸಾಯಿ ಎಂಬ ಚಿತ್ರಕಾರನು 1814ರಿಂದ ‘ಮಾಂಗಾ’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಪುಸ್ತಕಗಳಲ್ಲಿಯೂ ತುಂಬಿದ್ದುದು ಅವನ ಸುತ್ತಲಿನ ಜನ, ಹಕ್ಕಿ, ಮೀನು, ಹುಲ್ಲುಗಳೇ ಅಲ್ಲವೆ? ಹಂಬಲವನ್ನು ದೂರದಿಂದ ತರಬಹುದು. ಕೈಯನ್ನು ಮಾತ್ರ ಇದ್ದಲ್ಲಿಯೇ ಪಳಗಿಸಬೇಕು.

ಹುಣ್ಣಿಮೆಯ ನಸುಕಿನಲ್ಲಿ ತಂದೆಯು ಬುಟ್ಟಿಯನ್ನು ಹೊರಲು ಬಾಗಿದವನು, ದೀಪದ ಬೆಳಕಿನಲ್ಲಿ ಅಂಚನ್ನು ಕಂಡು, “ಈ ಸೊಟ್ಟ ಸಾಲು ಯಾರದು?” ಎಂದು ಕೇಳಿದನು.

“ನಿನ್ನ ಮಗನದು” ಎಂದಳು ಅಜ್ಜಿ.

ತಂದೆಯು ಕ್ಷಣಕಾಲ ನೋಡಿದನು. ಬಳಿಕ ಆ ಸಾಲು ಮುಂದಕ್ಕೆ ಬರುವಂತೆ ಬುಟ್ಟಿಯನ್ನು ತಿರುಗಿಸಿ, ತಲೆಯ ಮೇಲಿರಿಸಿಕೊಂಡು ಗದ್ದೆಯ ಕಡೆಗೆ ನಡೆದನು.